ಹುಳುಮನೆಯಲ್ಲಿ ಓವರ್‌ಕ್ಲಾಕ್

ಜಂಗಮಕೋಟೆ
ಭಾನುವಾರ, ಮಧ್ಯಾಹ್ನ

ಆದಿಲಕ್ಷ್ಮಮ್ಮನವರಿಗೆ ನಿಮ್ಮ ಬಾಡಿಗೆದಾರ ಚೈತನ್ಯನ ನಮಸ್ಕಾರಗಳು.

ಚಿಂತಾಮಣಿಯಲ್ಲಿ ಬಾಣಂತಿ, ಮೊಮ್ಮಗು ಕ್ಷೇಮವೆಂದು ನಂಬಿದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ ಬೈಯಲು ಶುರುಮಾಡುತ್ತೀರಿ. ಅದಕ್ಕೇ ಪಕ್ಕದ ಮನೆಯ ರಂಜನಿಯ ಕೈಯಲ್ಲಿ ಈ ಪತ್ರ.

ಚಳಿಗೆ ರೇಷ್ಮೆಹುಳು ಸೊಪ್ಪು ಮುಟ್ಟುತ್ತಿಲ್ಲವೆಂದು ಹಗಲೂ ರಾತ್ರಿ ಬಿಸಿ ಉಗುಳುವ ನನ್ನ ಬಿಟ್‌ಕಾಯಿನ್ ಮಿಷನ್ನನ್ನು ಹುಳುಮನೆಯಲ್ಲಿಡಲು ನೀವೇ ಹೇಳಿದಿರಿ. ನನಗೆ ನಾಣ್ಯ, ಹುಳುವಿಗೆ ನಾಣ್ಯವಾದ ಬಿಸಿ ಎಂದು ನಾನೂ ಜಂಬ ಕೊಚ್ಚಿದೆ.

ನಿನ್ನೆ ಕೊರಿಯರಿನಲ್ಲಿ ಮಿಷನ್ನಿನ ವೇಗ ಹೆಚ್ಚಿಸುವ ‘ಓವರ್‌ಕ್ಲಾಕ್’ ಕಿಟ್ ಬಂತು. ನಾನು ಸ್ಕ್ರೂ ಬಿಚ್ಚಿದೆ, ನಿಮ್ಮ ಯಜಮಾನರು ಟಾರ್ಚ್ ಹಿಡಿದರು. "ಹಾಕಪ್ಪಾ, ಇನ್ನೊಂಚೂರು ಬಿಸಿಯಾದ್ರೆ ಹುಳ ಬೇಗ ಹಣ್ಣಾಗಿ ಗೂಡು ಕಟ್ತವೆ. ನಮ್ಮೋಳು ಬರೋಷ್ಟ್ರಲ್ಲಿ ಗೂಡೇ ತೋರ್ಸಣ!" ಅಂದರು. ಬೆಳಿಗ್ಗೆ ನೋಡಿದರೆ, ಇಪ್ಪತ್ತೈದು ಇರಬೇಕಾದ ಹುಳುಮನೆಯಲ್ಲಿ ಮೂವತ್ತೈದು ಡಿಗ್ರಿ.

ಮಿಷನ್ ಆರಿಸಿ, ಕಿಟಕಿ ತೆರೆದು, ಒದ್ದೆ ಗೋಣಿಚೀಲ ಕಟ್ಟಿದ್ದೇವೆ. ಬಾಗಿಲ ಕಡೆಯ ಹುಳುಗಳು ಮತ್ತೆ ಸೊಪ್ಪು ತಿನ್ನುತ್ತಿವೆ. ಮಿಷನ್ ಪಕ್ಕದ ಎರಡು ತಟ್ಟೆಗಳಲ್ಲಿ ಅಲುಗಾಟವಿಲ್ಲ. ಅವನ್ನು ತೆಗೆದು ಹೂಳಬೇಕೇ, ಕಾಯಬೇಕೇ? ಸೋಂಕು ಹರಡದಂತೆ ಉದುರಿಸಲು ಸುಣ್ಣದ ಪುಡಿ ಎಲ್ಲಿಟ್ಟಿದ್ದೀರಿ? ಉತ್ತರವನ್ನು ರಂಜನಿಯ ಕೈಗೇ ಕೊಡಿ, ಸಂಜೆ ಬಸ್ಸಿಗೆ ಬರುತ್ತಾಳೆ.

"ನನ್ನ ವಿಷ್ಯ ಬರೀಬೇಡ ಕಣಪ್ಪ" ಅಂದಿದ್ದರು ಯಜಮಾನರು. ಬರೆದುಬಿಟ್ಟೆ. ಅವರು ಬೆಳಿಗ್ಗೆಯಿಂದ ಆ ಎರಡು ತಟ್ಟೆಗಳ ಮುಂದೆ ಕೂತು, ಒಂದೊಂದೇ ಹುಳುವನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಾರೆ. ನಾನು ಊಟಕ್ಕೆ ಕರೆದರೆ ಏಳುತ್ತಿಲ್ಲ. ಬೈಗುಳವೆಲ್ಲ ನನ್ನ ಹೆಸರಿಗೇ ಇರಲಿ. ಅವರಿಗೆ ಊಟ ಮಾಡಿ ಎಂದಷ್ಟೇ ಬರೆಯಿರಿ.

ಇಂತಿ,
ತಲೆತಗ್ಗಿಸಿದ
ಚೈತನ್ಯ