ಉಪ್ಪು ಉಳಿದ ಕರಗುದೀಪ

ಕ್ರಿ.ಶ. ೨೨೩೧, ವೈಶಾಖದ ಐವತ್ತೊಂದನೆಯ ದಿನ
ಹೊನ್ನಾವರದ ಹೊರದಡ

ಪ್ರೀತಿಯ ಬುದವಂತಜ್ಜಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗನ ಮೊಮ್ಮಗ ಜಟ್ಟಪ್ಪ ಮಾಡುವ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ. ಮಳೆ ಬೀಳದೆ ನಾವು ತಿಂಗಳು ಮುಗಿಸುವುದಿಲ್ಲ. ನಾನು ಶಾಲೆ ಕಂಡವನಲ್ಲ, ನೋಡಿ ನೋಡಿ ಕಲಿತವನು. ಮಾತು ಸೊಟ್ಟಗಿದ್ದರೆ ಕ್ಷಮಿಸಿ.

ನೀವು ಸಿಗಡಿ ಸಿಪ್ಪೆ ಕುದಿಸಿ ತೆಳು ಹಾಳೆ ಎಳೆಯುವುದನ್ನು ಈಗಷ್ಟೇ ಶುರುಮಾಡಿದ್ದೀರಿ. ಇಲ್ಲಿ ಅದು ಕರಗುದೀಪವಾಗಿದೆ: ಸಿಪ್ಪೆಯ ಹಾಳೆ, ಕಡಲಪಾಚಿಯ ಅಂಟು, ತಾರ್ಲೆ ಮೀನಿನ ಬೆಳ್ಳಿಹೊಳಪಿನ ಕನ್ನಡಿ, ಎಲ್ಲ ಸೇರಿ ಅಕ್ಕಿಕಾಳಿನಷ್ಟು ಲೇಸರ್. ಕಣ್ಣೊಳಗೆ ಇಟ್ಟರೆ ಸೋರುವ ರಕ್ತನಾಳ ಬೆಸೆದು, ಇಪ್ಪತ್ತು ದಿನಕ್ಕೆ ತಾನೇ ಕರಗುತ್ತದೆ. ಚೂರೂ ಕಸ ಉಳಿಯುವುದಿಲ್ಲ.

ದೋಣಿ ಕಟ್ಟಿದವನ ಮನೆಯವರೇ ಮೊದಲು ಅದರಲ್ಲಿ ಕೂರಬೇಕೆಂಬ ನಮ್ಮ ಪದ್ಧತಿ ಈಗ ದೀಪಕ್ಕೂ ಬಂದಿದೆ. ಪ್ರತಿ ಸಲದ ಮೊದಲ ದೀಪ ಮಾಡಿದವನ ಮನೆಯ ಕಣ್ಣಿಗೇ. ನನ್ನ ಕಣ್ಣು ಹೋದರೆ ಕೆಲಸವೇ ನಿಲ್ಲುತ್ತದೆ. ಮಗಳನ್ನು ಕೂರಿಸಹೊರಟಾಗ ಅಕ್ಕ ಸುಬ್ಬಿ ಅಡ್ಡ ಬಂದಳು. “ಹುಟ್ಟಿದವ್ಳಿಗೆ ಎಂತಕ್ಕೆ? ಬಂದವ್ಳು ಇದ್ದಾಳಲ್ಲ!” ಬಂದವಳೆಂದರೆ ಸೊಸೆ ಹೊನ್ನಿ. ಎಲ್ಲರೂ ನಕ್ಕರು. ಹೊನ್ನಿಯೂ ನಕ್ಕಳು.

ಸಿಪ್ಪೆಯನ್ನು ಏಳು ಸಲ ಸಿಹಿನೀರಲ್ಲಿ ತೊಳೆಯಬೇಕು. ಮನೆಗೆ ದಿನಕ್ಕೆ ಸಿಗುವುದು ಒಂದು ಕೊಡ. ಕುಡಿಯಲಿಕ್ಕೆ ಬೇಕೆಂದು ನಾಲ್ಕು ಸಲ ಅಳಿವೆಯ ಉಪ್ಪುನೀರಲ್ಲೇ ತೊಳೆದುಬಿಟ್ಟೆ. ಒಳಗೆ ಉಳಿದ ಉಪ್ಪಿನಿಂದ ಹಾಳೆ ನೀರು ಹೀರಿ ಉಬ್ಬಿತು, ಕನ್ನಡಿ ವಾಲಿತು, ಕಿರಣ ಹೊನ್ನಿಯ ಎಡಗಣ್ಣಿನ ತಳ ಸುಟ್ಟಿತು. ನಮಗೆ ಪರವಾನಗಿ ಕೊಡುವ ದಡಮಂಡಳಿಯವರು ಬರುವಷ್ಟರಲ್ಲಿ ದೀಪ ಕರಗಿಹೋಗಿತ್ತು. “ಇವ್ಳ ರಕ್ತವೇ ಸರಿ ಇಲ್ಲ” ಎಂದಳು ಅಕ್ಕ. ಅವರು ಹಾಗೆಯೇ ಬರೆದುಕೊಂಡರು. ನಾನು ಅವರಿಗೆ ಚಹಾ ಕೊಟ್ಟೆ.

ಮೂವತ್ತು ದಿನದೊಳಗೆ ಅದೇ ಮೈಯಲ್ಲಿ ಇನ್ನೊಂದು ದೀಪ ಸರಿಯಾಗಿ ಉರಿಯಬೇಕು, ಇಲ್ಲವೇ ಪರವಾನಗಿ ರದ್ದು. ಮಳೆಯಂತೂ ಬರಲಿಲ್ಲ. ಇವತ್ತು ಮಧ್ಯಾಹ್ನ ಬಲಗಣ್ಣಿಗೆ ಇಟ್ಟೆ. ಕೂರುವ ಮೊದಲು ಹೊನ್ನಿ ಅಡುಗೆಮನೆಗೆ ಹೋಗಿ ಕೊಡ ಎತ್ತಿ ನೋಡಿದಳು.

“ಕೊಡ ತುಂಬೇ ಅದೆಯಲ್ಲ, ಮಾವಾ. ಸಿಪ್ಪೆ ತೊಳ್ದದ್ದು ಯಾವ ನೀರಲ್ಲಿ?”

“ಸಿಹಿನೀರಲ್ಲೇ, ಮಗಾ” ಎಂದೆ.

ಅವಳು ಕೊಡ ಕೆಳಗಿಟ್ಟಳು. ಬಂದು ಕೂತು, ರೆಪ್ಪೆಯನ್ನು ತಾನೇ ಬಿಡಿಸಿ ಹಿಡಿದಳು.

ಅಜ್ಜಿ, ಎಲ್ಲವೂ ಕರಗಲೇಬೇಕೆಂದು ಹಟ ಹಿಡಿಯಬೇಡಿ. ಪ್ರತಿ ದೀಪದೊಳಗೂ ಕರಗದ ಒಂದು ಕಣ ಸೇರಿಸಿ, ಅದರ ಮೇಲೆ ಮಾಡಿದವನ ಗುರುತು ಇರಲಿ. ಅಂಥದ್ದೊಂದು ಇದ್ದಿದ್ದರೆ ನಾನು ಏಳು ಸಲವೂ ಸಿಹಿನೀರಲ್ಲೇ ತೊಳೆಯುತ್ತಿದ್ದೆ.

ನಿಮ್ಮ
ಜಟ್ಟಪ್ಪ