ನೀಲಿ ಕಾರಿನ ರೇಡಿಯೋ

ಬರ್ಗೆನ್,
ಮೇ 9

ಪ್ರೀತಿಯ ಅಕ್ಕ ಬೋರ್ಗ್‌ಹಿಲ್‌ಗೆ, ತಮ್ಮನ ನಮಸ್ಕಾರ.

ನೀನು ಕಳಿಸಿದ ದೂರಿನ ನಕಲು ಸೋಮವಾರ ಕೈಸೇರಿತು. ನಾನು ಸಹಿ ಹಾಕಬೇಕಾದ ಜಾಗಕ್ಕೆ ನೀನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೀ. ಅದಕ್ಕೆ ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

1. ಕಳೆದ ಅಕ್ಟೋಬರ್ 14ರ ಮಧ್ಯಾಹ್ನ 3.12ಕ್ಕೆ, 1968ರ ನನ್ನ ನೀಲಿ ವೋಲ್ವೊ ಅಮೆಜಾನ್ ಕಾರಿನಲ್ಲಿ ನಾವಿಬ್ಬರೂ ಹೆಸ್ಟ್‌ಡಾಲ್ ಸುರಂಗದೊಳಗೆ ಹೋದೆವು. ಸುರಂಗದ ಉದ್ದ ಹನ್ನೊಂದು ಕಿಲೋಮೀಟರ್.

2. 3.15ಕ್ಕೆ ನಮಗಿಂತ ನಾಲ್ಕು ಕಿಲೋಮೀಟರ್ ಮುಂದೆ ಒಂದು ಲಾರಿಗೆ ಬೆಂಕಿ ಬಿತ್ತು.

3. 4.31ಕ್ಕೆ ಅಗ್ನಿಶಾಮಕ ದಳದವರು ನಮ್ಮಿಬ್ಬರನ್ನೂ ಹೊಗೆಯಿಂದ ಹೊರಗೆ ತಂದರು.

4. ಅಷ್ಟು ಹೊತ್ತೂ ನಮ್ಮ ಕಾರಿನ ರೇಡಿಯೋದಲ್ಲಿ ಒಂದು ಮಾತೂ ಕೇಳಿಸಲಿಲ್ಲ.

ನಿನ್ನ ದೂರು ನಿಂತಿರುವುದು ಈ ನಾಲ್ಕನೆಯ ಸಂಗತಿಯ ಮೇಲೆ. ಸುರಂಗದಲ್ಲಿ ಅಪಾಯವಾದಾಗ ನಿಯಂತ್ರಣ ಕೇಂದ್ರದವರು ಎಲ್ಲ ಕಾರುಗಳ ರೇಡಿಯೋಗಳಲ್ಲೂ ನಡುವೆ ಬಂದು ಮಾತನಾಡಬೇಕು. ಮಾತನಾಡಿದ್ದೇವೆ ಎಂದು ಅವರು ಹೇಳುತ್ತಾರೆ. ‘ಕಚೇರಿಯೊಳಗೆ ಕೂತು ಮಾತಾಡಿದ್ರೆ ಸಾಕಾ? ಅದನ್ನ ಸುರಂಗದೊಳಕ್ಕೆ ಕಳಿಸೋ ಗುಂಡಿ ಒತ್ತೋದು ಯಾರು, ಅವಳ ಅಜ್ಜಿನಾ?’ ಎಂದು ನೀನು ಫೋನಿನಲ್ಲಿ ಕೇಳಿದೆ. ಅವಳು ಎಂದರೆ ಆ ದಿನ ಪಾಳಿಯಲ್ಲಿದ್ದ ಟೂರಿಲ್ ಎಂಬಾಕೆ. ನಿನ್ನ ಪತ್ರ ಊರಿನ ಪತ್ರಿಕೆಯಲ್ಲಿ ಬಂದಂದಿನಿಂದ ಆಕೆ ಕೆಲಸಕ್ಕೆ ಬರುತ್ತಿಲ್ಲ. ಸುರಂಗಗಳ ಪ್ರಸಾರ ಯಂತ್ರಗಳನ್ನು ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ, ‘ಕಾರಿನ ರೇಡಿಯೋ ಸುಸ್ಥಿತಿಯಲ್ಲಿತ್ತು’ ಎಂದು ನಾನು ಪ್ರಮಾಣೀಕರಿಸಿದರೆ ಆಕೆಯ ಕೆಲಸ ಉಳಿಯಲಾರದು.

ಐದನೆಯ ಸಂಗತಿಯೊಂದು ಇದೆ. ಅದನ್ನು ಏಳು ತಿಂಗಳು ಮುಚ್ಚಿಟ್ಟಿದ್ದೇನೆ.

ನನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ನೀನು ಒಂದು ಸಣ್ಣ ಡಿಜಿಟಲ್ ರೇಡಿಯೋ ಯಂತ್ರ ಕೊಟ್ಟೆ. ದೇಶದ ಹಳೆಯ ಎಫ್.ಎಂ. ಪ್ರಸಾರ ನಿಂತುಹೋದ ಮೇಲೆ ಅಮೆಜಾನಿನ ರೇಡಿಯೋ ಬರೀ ಗೊರಗುಟ್ಟುತ್ತಿತ್ತು. ಸುರಂಗದ ಸೂಚನೆಗಳೂ ಈಗ ಡಿಜಿಟಲ್ ರೇಡಿಯೋಗಷ್ಟೇ ಬರುತ್ತವೆ. ‘ಈ ಪೆಟ್ಟಿಗೇನೂ ನಿನ್ನ ಹಾಗೇ ಕಣೋ ಎಯ್ವಿಂದ್, ಬಾಯೇ ಬಿಡಲ್ಲ. ಇದಕ್ಕಾದ್ರೂ ಮಾತು ಬರಲಿ’ ಎಂದು ನೀನು ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಮ್ಮ ಹಳೆಯ ಕಾರುಗಳ ಸಂಘದ ತೀರ್ಪುಗಾರ ಹೋಕೋನ್‌ನನ್ನು ನೀನು ಬಲ್ಲೆ. ಎಪ್ಪತ್ತೆಂಟರ ವಯಸ್ಸಿನಲ್ಲೂ ಬೆನ್ನಮೇಲೆ ಮಲಗಿ, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಡುತ್ತಾನೆ. ‘ಒಂದು ಹೊಸ ವೈರ್ ಕಂಡ್ರೂ ಮಾರ್ಕ್ಸ್ ಕಟ್ ಮಾಡ್ತೀನಪ್ಪ, ಆಮೇಲೆ ಮುಖ ಊದಿಸ್ಕೋಬೇಡ’ ಎನ್ನುತ್ತಾನೆ. ‘ಸಂಪೂರ್ಣ ಮೂಲ ಸ್ಥಿತಿ’ ಎಂಬ ಫಲಕ ಮೂರು ವರ್ಷ ಸತತವಾಗಿ ನನಗೇ ಬಂದಿದೆ.

ಸುರಂಗದ ಬಾಯಿಯಲ್ಲಿ ನೀನು ರೇಡಿಯೋದ ಗುಬುಟು ತಿರುಗಿಸಿ, ‘ನಾನು ಕೊಟ್ಟಿದ್ದು ಕೂಡಿಸಿದೀಯೇನೋ?’ ಎಂದು ಕೇಳಿದೆ. ‘ಹ್ಞೂಂ, ಕೂಡಿಸಿದೀನಿ’ ಎಂದೆ ನಾನು. ‘ಮತ್ತೆ ಯಾಕೆ ಮಾತೇ ಆಡ್ತಿಲ್ಲ?’ ಎಂದು ನೀನು ಕೇಳಿದೆ. ‘ಏನಾದ್ರೂ ಆದ್ರೆ ತಾನಾಗೇ ಮಾತಾಡುತ್ತೆ ಅಕ್ಕ’ ಎಂದೆ ನಾನು.

5. ಆ ಯಂತ್ರ ಬಿಚ್ಚದ ಪೊಟ್ಟಣದಲ್ಲಿ, ಡಿಕ್ಕಿಯಲ್ಲಿ, ಕಂಬಳಿಯ ಕೆಳಗೆ ಇತ್ತು.

ನಿನಗೆ ಬೇಸರವಾಗದಿರಲೆಂದು ಹೇಳಿದ ಸುಳ್ಳು ಅದು. ಐದು ನಿಮಿಷದಲ್ಲಿ ಆ ಸುಳ್ಳಿನೊಳಗೇ ನಾವಿಬ್ಬರೂ ಕೂತಿದ್ದೆವು. ನಮ್ಮ ಮುಂದೆ ನಿಂತುಬಿಟ್ಟಿದ್ದ ಮೂರು ಕಾರುಗಳು ಒಂದೊಂದಾಗಿ ತಿರುಗಿ ನಮ್ಮನ್ನು ದಾಟಿಹೋದವು. ‘ಇವರೆಲ್ಲ ಯಾಕೋ ವಾಪಸ್ ಹೋಗ್ತಿದಾರೆ?’ ಎಂದು ನೀನು ಕೇಳಿದೆ. ‘ಅವಸರದ ಜನ. ಕಾಯೋಣ, ದಾರಿ ಬಿಡ್ತಾರೆ’ ಎಂದೆ. ಅವರು ಅವಸರದ ಜನರಾಗಿರಲಿಲ್ಲ, ರೇಡಿಯೋ ಕೇಳಿಸಿಕೊಂಡ ಜನರಾಗಿದ್ದರು. ನನಗದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೊಗೆ ಗಾಜಿಗೆ ಬಂದು ತಾಗಿದಾಗ ಹೊಳೆಯಿತು. ಆಗ ತಿರುಗಿಸಲು ರಸ್ತೆಯೇ ಕಾಣುತ್ತಿರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಒದ್ದೆ ಕರವಸ್ತ್ರ ಮೂಗಿಗೆ ಹಿಡಿದು, ನೀನು ಒಂದು ಗಂಟೆಗೂ ಹೆಚ್ಚು ಹೊತ್ತು ಆ ರೇಡಿಯೋವನ್ನೇ ನೋಡುತ್ತಿದ್ದೆ. ಅದು ಮಾತನಾಡುತ್ತದೆಂದು ನಾನು ಹೇಳಿದ್ದೆನಲ್ಲ.

ನಿನ್ನ ಹಳ್ಳಿಯ ಎರಡೂ ಕಡೆ ಸುರಂಗ, ಮೇಲೆ ಹಿಮ ಮುಚ್ಚಿದ ಘಟ್ಟದ ರಸ್ತೆ. ಅಕ್ಟೋಬರಿನಿಂದ ನೀನು ಆಚೆ ಕಾಲಿಟ್ಟಿಲ್ಲ. ಇಪ್ಪತ್ತೆರಡು ವರ್ಷ ನೀನು ನಡೆಸಿದ ಚರ್ಚಿನ ಗಾಯನ ತಂಡವನ್ನು ಈಗ ಇನ್ನೊಬ್ಬರು ನಡೆಸುತ್ತಿದ್ದಾರೆ. ‘ಬೆಂಕಿ ಅಲ್ಲ ಕಣೋ, ಹೊಗೆನೂ ಅಲ್ಲ. ಅಷ್ಟು ಹೊತ್ತು ಒಬ್ರೂ ಒಂದು ಮಾತು ಹೇಳಲಿಲ್ವಲ್ಲ, ಅದೇ ನನ್ನ ಬಿಡ್ತಿಲ್ಲ’ ಎಂದು ಜನವರಿಯಲ್ಲಿ ಹೇಳಿದೆ. ಆಗಲೂ ನಾನು ಐದನೆಯ ಸಂಗತಿ ಹೇಳಲಿಲ್ಲ. ಕೆಲಸದಲ್ಲಿ, ಪರೀಕ್ಷೆಗಾಗಿ ಮೈಕಿನಲ್ಲಿ ‘ಇದು ಪರೀಕ್ಷಾ ಪ್ರಸಾರ’ ಎಂಬ ಮೂರು ಪದ ಹೇಳಬೇಕು. ಅಕ್ಟೋಬರಿನಿಂದ ಅದನ್ನು ಸಹೋದ್ಯೋಗಿಯಿಂದ ಹೇಳಿಸುತ್ತಿದ್ದೇನೆ.

ಕಳೆದ ಶನಿವಾರ ಹಳೆಯ ರೇಡಿಯೋ ಬಿಚ್ಚಿದೆ. ಎರಡು ಗುಬುಟು, ಎರಡು ನಟ್ಟು, ಹಿಂದೆ ಒಂದು ಪಟ್ಟಿ. ನಿನ್ನ ಯಂತ್ರವನ್ನು ಅದರ ಬೆನ್ನಿಗೆ ಕೂಡಿಸಿ, ಗಾಜಿನ ಮೂಲೆಗೆ ಹೊಸ ಆಂಟೆನಾ ಅಂಟಿಸಿದೆ. ಲೋಹ ಕತ್ತರಿಸಬೇಕಾಗಿಯೇ ಬರಲಿಲ್ಲ. ಮುಖ ಹಾಗೆಯೇ ಇದೆ, ಮುಳ್ಳೂ ದೀಪವೂ ಅವೇ. ಕೆಲಸಕ್ಕೆ ಹಿಡಿದ ಸಮಯ ನಲವತ್ತು ನಿಮಿಷ. ಬಳಿಕ ಗ್ಯಾರೇಜಿನಲ್ಲಿ ಕಾರಿನೊಳಗೇ ಕುಳಿತಿದ್ದೆ. ಹವಾಮಾನ ವಾರ್ತೆ ಬಂತು, ಮೀನುಗಾರರಿಗೆ ಗಾಳಿಯ ಸೂಚನೆ ಬಂತು. ಬಾಗಿಲು ತೆರೆದು ಇಳಿಯಲು ಬಹಳ ಹೊತ್ತಾಯಿತು.

ನನ್ನ ತೀರ್ಮಾನ ಇದು. ದೂರಿಗೆ ಸಹಿ ಹಾಕುವುದಿಲ್ಲ. ಈ ಐದು ಸಂಗತಿಗಳನ್ನೂ ಬರೆದು ಸಹಿ ಮಾಡಿ, ನಿಯಂತ್ರಣ ಕೇಂದ್ರಕ್ಕೂ ಪತ್ರಿಕೆಗೂ ಇಂದು ಬೆಳಿಗ್ಗೆ ಕಳಿಸಿದ್ದೇನೆ. ಘಟ್ಟದ ರಸ್ತೆ ಇಪ್ಪತ್ತಮೂರಕ್ಕೆ ತೆರೆಯುತ್ತದೆ. ಅಂದು ಆ ದಾರಿಯಲ್ಲಿ ಬಂದು ನಿನ್ನ ಮನೆಯ ಮುಂದೆ ನಿಲ್ಲುತ್ತೇನೆ. ನೀನು ಕಾರು ಹತ್ತಲೇಬೇಕೆಂದಿಲ್ಲ.

ನಿನ್ನ ತಮ್ಮ,
ಎಯ್ವಿಂದ್

ಮರೆತು ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ದಿನದ ಪ್ರಸಾರದ ಧ್ವನಿಮುದ್ರಣ ನವೆಂಬರಿನಿಂದ ನನ್ನ ಬಳಿ ಇದೆ. ಯಾವಾಗ ಬೇಕಾದರೂ ನಿನಗೆ ಕೇಳಿಸಬಹುದಿತ್ತು. ಟೂರಿಲ್ ಒಂಬತ್ತು ಸಲ ಮಾತನಾಡಿದ್ದಾರೆ. ಮೊದಲ ಆರು ಸಲ ನಿಯಮ ಪುಸ್ತಕದಲ್ಲಿರುವ ವಾಕ್ಯ. ಏಳನೆಯ ಸಲ, ‘ನೀಲಿ ಕಾರಲ್ಲಿರೋರೇ, ನೀವಿಬ್ರೂ ನನಗೆ ಕ್ಯಾಮೆರಾದಲ್ಲಿ ಕಾಣಿಸ್ತಿದೀರಿ. ತಿರುಗಿಸ್ಕೊಂಡು ಬನ್ನಿ, ಇನ್ನೂ ದಾರಿ ಇದೆ.’ ಎಂಟನೆಯ ಸಲವೂ ಅದೇ. ಒಂಬತ್ತನೆಯದು ಹೊಗೆ ತುಂಬಿದ ಮೇಲಿನದು: ‘ಈಗ ನೀವು ಕಾಣಿಸ್ತಿಲ್ಲ. ನಾನು ಇಲ್ಲೇ ಇದೀನಿ.’