ಹಸಿರು ಜೋಡಿಯ ನೀಲಿ ಮರಿ

೧೨ ಜನವರಿ ೧೯೯೯

ಸೋಮಪ್ಪ ಹಾಜರಾಬಿ ಆಪಾನನ್ನು ಕೆಲಸದಿಂದ ತೆಗೆದದ್ದು ಅನ್ಯಾಯ. ಹೊರಿಸಿದ ತಪ್ಪೂ ಸುಳ್ಳು.

ಎಂದಿನಂತೆ ನನ್ನ ಲವ್ ಬರ್ಡ್ಸ್‌ಗೆ ನವಣೆ ತರಲು ಕೇಶ್ವಾಪುರದ ಅವನ ಹಕ್ಕಿ ಅಂಗಡಿಗೆ ಹೋಗಿದ್ದೆ. ಆರು ವರ್ಷದಿಂದ ಗೂಡು ನೋಡಿಕೊಳ್ಳುತ್ತಿದ್ದ ಆಪಾ ಇಲ್ಲ. ಕಾರಣ — ಹಸಿರು ಜೋಡಿಗೆ ಒಂದು ನೀಲಿ ಮರಿ. ಆಪಾ ಪಂಜರದ ಬಾಗಿಲು ತೆರೆದಿಟ್ಟಳಂತೆ, ಯಾವುದೋ ನೀಲಿ ಗಂಡು ಒಳಹೊಕ್ಕಿತಂತೆ. ಗಿರಾಕಿಗಳ ಎದುರೇ ಅಂದನಂತೆ.

ಹೇಳಿದೆ: ಹಸಿರು ಹಕ್ಕಿಯೊಳಗೆ ನೀಲಿ ಅಡಗಿರಬಹುದು. ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು. ಎರಡೂ ನೀಲಿಯಾದರೆ ಮಾತ್ರ ಮರಿ ನೀಲಿ. ಒಂದು ಹಸಿರು ಸೇರಿದರೂ ಹಸಿರೇ. ಹಕ್ಕಿ ಸಾಕಣೆಯ ನನ್ನ ಕಿರುಪುಸ್ತಕದ ಹನ್ನೊಂದನೇ ಪುಟ ತೆರೆದು ಹಿಡಿದೆ. ನೋಡಲಿಲ್ಲ.

"ದುರ್ಗವ್ವಾ, ಹಕ್ಕಿ ಏನು ನಿನ್ನ ಪುಸ್ತಕಾ ಓದಿ ತತ್ತಿ ಇಡತಾವನು?"

ಸಿಟ್ಟು ಬಂತು. ಅದೇ ಜೋಡಿಗೆ ಬೀಗ ಹಾಕಿ, ಕೀಲಿ ನನಗೆ ಕೊಡಿ, ದಿನಾ ಕಾಳು-ನೀರು ನಾನೇ ಇಡುತ್ತೇನೆ, ನಾಲ್ಕು ಮರಿಯಲ್ಲಿ ಒಂದು ನೀಲಿ ಬಂದೇ ಬರುತ್ತದೆ ಎಂದೆ. ಬಂದರೆ ಆಪಾನ ಕೆಲಸ ವಾಪಸ್. ಬರದಿದ್ದರೆ ಆಪಾನ ಹೆಸರು ನಾನು ಮತ್ತೆ ಎತ್ತಬಾರದು. ಒಪ್ಪಿದ.

೧೩ ಜನವರಿ

ಹೆಮ್ಮೆಯಿಂದ ಆಪಾನಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನ್ನ ಕೆಲಸಾ ಪಣಕ್ಕ ಇಟ್ಟಿ. ನನ್ನ ಒಂದ್ ಮಾತು ಕೇಳಿದೇನು?"

ಕೇಳಿರಲಿಲ್ಲ.

೧ ಮಾರ್ಚ್

ಪುಕ್ಕ ಬಂತು. ನಾಲ್ಕು ಮರಿ. ನಾಲ್ಕೂ ಹಸಿರು.

ಸೋಮಪ್ಪ ನಗಲಿಲ್ಲ. ಬೆರಳು ತೋರಿಸಿ ಎಣಿಸಿದ, ಅಷ್ಟೇ.

ಸಂಜೆ ೬

ಮತ್ತೆ ಓದಿದೆ. ಪುಟದ ಕೊನೆಯ ಸಾಲು ಬಿಟ್ಟುಬಿಟ್ಟಿದ್ದೆ — ಪ್ರತಿ ತತ್ತಿಗೂ ಹೊಸದಾಗಿ ಚೀಟಿ ಎತ್ತಿದಂತೆ. ನಾಲ್ಕಕ್ಕೆ ಒಂದು ಅನ್ನುವುದು ನೂರಾರು ಮರಿಗಳ ಸರಾಸರಿ. ಮೊದಲ ಮೂರು ಏನಾದವೆಂದು ನಾಲ್ಕನೆಯದಕ್ಕೆ ಗೊತ್ತಿಲ್ಲ. ಜ್ಯೋತಿಷಿಗಳನ್ನು ಬೈಯುವ ನಾನೇ ಭವಿಷ್ಯ ಹೇಳಿಬಿಟ್ಟೆ...

೨ ಮಾರ್ಚ್

ತಪ್ಪೊಪ್ಪಿಕೊಂಡೆ. ಆಪಾ ಬೈಯಲಿಲ್ಲ. ಚಹಾ ಕೊಟ್ಟು, ಆ ಪಾಲಿನ ಮಾತು ಇನ್ನೊಮ್ಮೆ ಹೇಳು ಎಂದಳು. ಹೇಳಿದೆ.

"ಹಂಗಾರ ಆ ಹಸಿರು ಗಂಡಿಗೆ ನೀಲಿ ಹೆಣ್ಣು ಹಾಕಬೇಕು. ಗಂಡಿನೊಳಗ ನೀಲಿ ಇರಲಿಲ್ಲಂದ್ರ ಒಂದೂ ನೀಲಿ ಮರಿ ಆಗೂದಿಲ್ಲ. ಒಂದ ಬಂದ್ರೂ ಸಾಕಲ್ಲ?"

ಸಾಕು. ಹಸಿರು ತಾಯಿಯ ಪರೀಕ್ಷೆ ಬೇಕೇ ಇಲ್ಲ — ಅಪ್ಪ ಯಾರೇ ಇರಲಿ, ಆ ಮೊದಲ ಮರಿ ನೀಲಿಯಾಗಲು ಅವಳೂ ಒಂದು ಪಾಲು ಕೊಟ್ಟಿರಲೇಬೇಕು. ನನಗೇಕೆ ಹೊಳೆಯಲಿಲ್ಲ?

ಈ ಸಲ ಸೋಮಪ್ಪನನ್ನು ಕೇಳಲು ಆಪಾ ತಾನೇ ಹೋದಳು. ನನ್ನನ್ನು ಹೊರಗೆ ನಿಲ್ಲಿಸಿದಳು. ಏನು ಹೇಳಿದಳೋ. ಮರಿಗಳು ಗೂಡು ಬಿಡಲಿ, ಆಮೇಲೆ ನೀಲಿ ಹೆಣ್ಣು ಹಾಕೋಣ ಎಂದನಂತೆ. ಕೀಲಿ ನನ್ನ ಹತ್ತಿರವೇ.

೧೦ ಮೇ

ಐದು ಮರಿ. ಎರಡು ನೀಲಿ. ಊಟ ಮಾಡಿದ್ದೇನೋ ಇಲ್ಲವೋ ನೆನಪಿಲ್ಲ.

ಸೋಮಪ್ಪ ಬಹಳ ಹೊತ್ತು ನೋಡಿದ. ನಾಳೆಯಿಂದ ಬರಲು ಹೇಳು ಎಂದ — ಮೆಲ್ಲಗೆ. ಸೈಕಲ್ ಹತ್ತಿ ಓಡಿದೆ.

"ಬಾಗಲಾ ತೆಗೆದಿಟ್ಟಾಳಂತ ಮಂದಿ ಮುಂದ ಅಂದಾರ," ಎಂದಳು ಆಪಾ. "ಇಟ್ಟಿರಲಿಲ್ಲಂತ ಮಂದಿ ಮುಂದ ಅನ್ನಲಿ. ಆಮ್ಯಾಲೆ ಬರ್ತೇನಿ."

ಅದನ್ನೇ ತಂದು ಹೇಳಿದೆ. ಸೋಮಪ್ಪ ಒರೆಸಿದ ಪಂಜರವನ್ನೇ ಮತ್ತೆ ಒರೆಸಿದ. ಕೊನೆಗೆ, ಆಗಲಿ ಎಂದ. ಗಿರಾಕಿ ಹೆಚ್ಚಿರುವ ದಿನವೇ ಆಗಬೇಕು. ನಾನು ಬಾಯಿ ಬಿಡಬಾರದು — ಅದು ಆಪಾನ ಶರತ್ತು. ರವಿವಾರ, ೧೬ನೇ ತಾರೀಖು, ಮುಂಜಾನೆ ಒಂಬತ್ತಕ್ಕೆ, ಅಂಗಡಿ ಮುಂದೆ — ಆಪಾ ಬಾಗಿಲು ತೆರೆದಿಟ್ಟಿರಲಿಲ್ಲ ಎಂದು ಸೋಮಪ್ಪ ತಾನೇ ಹೇಳುತ್ತಾನೆ.